ಕೈ ಬಿಟ್ಟರೆ ನಿಲ್ಲುವ ಗಾಡಿ

ನನ್ನ ತಮ್ಮ ಪುಕ್ಕಲ. ಇದನ್ನು ಅವನ ಬೆನ್ನ ಹಿಂದೆ ಹೇಳುತ್ತಿಲ್ಲ, ಮುಖಕ್ಕೇ ಸಾವಿರ ಸಲ ಹೇಳಿದ್ದೇನೆ. ಹೇಳಿದಾಗಲೆಲ್ಲ "ಹೌದಕ್ಕ, ಏನೀಗ?" ಎಂದು ತನ್ನ ಕೆಲಸ ತಾನು ಮುಂದುವರಿಸುತ್ತಾನೆ. ಹೆದರಿಕೆಯನ್ನು ಇಷ್ಟು ರಾಜಾರೋಷವಾಗಿ ಒಪ್ಪಿಕೊಳ್ಳುವ ಗಂಡಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಅವನದು ಬ್ರೇಕ್ ವಿಭಾಗ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಬಸ್ಸಿನ ಕೆಳಗಿನ ಗುಂಡಿಯಲ್ಲಿ ನಿಂತು, ಅಷ್ಟು ಕಬ್ಬಿಣವನ್ನು ತಲೆಯ ಮೇಲೆ ಇಟ್ಟುಕೊಂಡು, ಗಾಳಿಯ ಪೈಪುಗಳಿಗೆ ಸೋಪಿನ ನೀರು ಹಚ್ಚಿ ಎಲ್ಲಾದರೂ ಗುಳ್ಳೆ ಬರುತ್ತದೋ ಎಂದು ನೋಡುತ್ತಾನೆ. ಬೆಳಿಗ್ಗೆ ಬಸ್ಸುಗಳು ಹೊರಡುವಾಗ ಗೇಟಿನ ಹತ್ತಿರ ನಿಂತು ಪ್ರತಿಯೊಬ್ಬ ಡ್ರೈವರಿಗೂ "ನಿಲ್ಲಪ್ಪಾ, ನಿಲ್ಲು" ಎಂದು ಕೂಗಿ ಒಂದು ಸಲ ಬ್ರೇಕ್ ಹಾಕಿಸಿಯೇ ಬಿಡುತ್ತಾನೆ. ಹಾಗಾಗಿ ಅವನ ಹೆಸರೇ ನಿಲ್ಲಪ್ಪ ಎಂದಾಗಿದೆ. ಸಂಬಳದ ಚೀಟಿಯಲ್ಲಿರುವ ಹೆಸರು ಅಲ್ಲಿ ಯಾರಿಗೂ ನೆನಪಿಲ್ಲ.

ಅವನೇನು ಹುಟ್ಟಾ ಪುಕ್ಕಲನಲ್ಲ. ಚಿಕ್ಕವನಿದ್ದಾಗ ನೀರಿನ ಟ್ಯಾಂಕಿನ ಮೇಲೆ ಹತ್ತಿ ಕೂತು ಕೆಳಗಿದ್ದ ನನ್ನನ್ನು ಅಣಕಿಸುತ್ತಿದ್ದವನು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಹ್ಯಾಂಡ್ ಬ್ರೇಕ್ ಹಾಕಿ ನಿಲ್ಲಿಸಿದ್ದ ಒಂದು ಬಸ್ಸು ತನ್ನಷ್ಟಕ್ಕೆ ತಾನೇ ಉರುಳಿತು. ಗಾಲಿಗೆ ಕಲ್ಲು ಕೊಡಬೇಕಾಗಿದ್ದವರು ಮರೆತಿದ್ದರು. ಅವನಿಗೆ ಕೆಲಸ ಕಲಿಸಿದ ಹಿರಿಯ ಮೇಸ್ತ್ರಿ ಚಹಾದ ಲೋಟ ಹಿಡಿದು ಬಸ್ಸಿಗೂ ಗೋಡೆಗೂ ನಡುವೆ ನಡೆದು ಬರುತ್ತಿದ್ದರು. ಮೂರನೇ ದಿನ ತೀರಿಕೊಂಡರು. ಕಲ್ಲು ಮರೆತವನು ನನ್ನ ತಮ್ಮನಲ್ಲ, ಆದರೆ ಆ ಬಸ್ಸು ಸದ್ದಿಲ್ಲದೆ ಹೊರಟಿದ್ದನ್ನು ಕಣ್ಣಾರೆ ಕಂಡವನು ಅವನೊಬ್ಬನೇ. "ಶಬ್ದಾನೇ ಮಾಡ್ಲಿಲ್ಲ ಅಕ್ಕ" ಎಂದು ವಾರಗಟ್ಟಲೆ ಹೇಳುತ್ತಿದ್ದ. ಆಮೇಲಿನಿಂದ ಅವನು ಹೀಗೆ.

ಇಂಥವನಿಗೆ ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಒಂದು ಹೆಣ್ಣು ಮಗು ಹುಟ್ಟಿತು, ಅದೂ ದಿನ ತುಂಬುವ ಮೊದಲೇ. ಹನ್ನೊಂದು ದಿನ ಗಾಜಿನ ಪೆಟ್ಟಿಗೆಯೊಳಗೆ ಇತ್ತು. ಆ ಹನ್ನೊಂದು ದಿನ ತಮ್ಮ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತೇ ಇದ್ದ. ಕೂರು ಎಂದರೆ ಕೂರಲಿಲ್ಲ. ಮಗು ಮನೆಗೆ ಬಂದ ಮೇಲೂ ಅದರ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಿದ್ದ. ನಾವೆಲ್ಲ ಅವಳನ್ನು ಪುಟ್ಟಿ ಎಂದೆವು. ಅವನು ಏನೂ ಕರೆಯುತ್ತಿರಲಿಲ್ಲ. ಕರೆದರೆ ಎಲ್ಲಿ ದೃಷ್ಟಿಯಾಗುತ್ತದೋ ಎನ್ನುವ ಹಾಗೆ ಸುಮ್ಮನೆ ನೋಡುತ್ತಿದ್ದ.

ನಮ್ಮ ಕಟ್ಟಡ ಇರುವುದು ಕಡಿದಾದ ಇಳಿಜಾರು ಬೀದಿಯ ನಟ್ಟನಡುವೆ. ಬೀದಿಯ ಮೇಲ್ತುದಿಯಲ್ಲಿ ಮಕ್ಕಳ ಕ್ಲಿನಿಕ್ಕು, ಕೆಳತುದಿಯಲ್ಲಿ ಬಸ್ಸು ಓಡಾಡುವ ದೊಡ್ಡ ರಸ್ತೆ. ನಮ್ಮ ಬಾಗಿಲಿನಿಂದ ದೊಡ್ಡ ರಸ್ತೆಗೆ ನೂರೈವತ್ತು ಹೆಜ್ಜೆ. ಅಳೆದವನು ಅವನೇ. ಎರಡನೇ ಮಹಡಿಯ ಅವನ ಕಿಟಕಿಯಲ್ಲಿ ನಿಂತರೆ ಕೆಳಗೆ ಹಾದುಹೋಗುವ ಬಸ್ಸುಗಳು ಕಾಣುತ್ತವೆ. "ಅಕ್ಕ, ಅಲ್ಲಿ ಹೋಗ್ತಿದೆಯಲ್ಲ, ಅದರ ಹಿಂದಿನ ಎಡಗಾಲಿ ಬ್ರೇಕ್ ಲೈನರ್ ಇನ್ನು ಹದಿನೈದು ದಿನ ಬಂದ್ರೆ ಹೆಚ್ಚು" ಎನ್ನುತ್ತಾನೆ. ಹಾಗೆಂದ ಮೇಲೆ ಆ ಬಸ್ಸು ಹತ್ತಲು ಯಾರಿಗೆ ಧೈರ್ಯ ಬರುತ್ತದೆ ಹೇಳಿ. ಇವನ ದೆಸೆಯಿಂದ ನಾನು ಎಷ್ಟೋ ಸಲ ನಡೆದೇ ಹೋಗಿದ್ದೇನೆ.

ಮಗುವಿಗೆ ಗಾಡಿ ಕೊಳ್ಳುವ ಮಾತೆತ್ತಿದ್ದು ಅವನ ಹೆಂಡತಿ. ಅವಳು ಕನ್ನಡಕದ ಅಂಗಡಿಯೊಂದರಲ್ಲಿ ಫ್ರೇಮಿನ ಅಳತೆಗೆ ಗಾಜು ಉಜ್ಜಿ ಕೂರಿಸುವವಳು. ಮಾತು ಕಡಿಮೆ, ಆಡಿದರೆ ಅಳೆದಂತೆ. ಆರು ತಿಂಗಳು ತುಂಬಿದ ಮೇಲೆ ಕೆಲಸಕ್ಕೆ ಹೋಗಬೇಕಿತ್ತು. ಹಗಲು ಹೊತ್ತು ಪುಟ್ಟಿಯನ್ನು ನೋಡಿಕೊಳ್ಳುವವಳು ನಾನು ಎಂದು ಮೊದಲೇ ತೀರ್ಮಾನವಾಗಿತ್ತು. ನಾನು ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಿಂದ ನಿವೃತ್ತಳಾಗಿ, ಅದೇ ಕಟ್ಟಡದ ಕೆಳಗಿನ ಮನೆಯಲ್ಲಿ ಒಬ್ಬಳೇ ಇದ್ದೆ. ಮೂವತ್ತೊಂದು ವರ್ಷ ಗಾಜಿನ ಸಾಮಾನು, ಗಡಿಯಾರ, ಔಷಧಿ ಬಾಟಲಿ ಎಲ್ಲವನ್ನೂ ಒಂದೂ ಒಡೆಯದೆ ದಾಟಿಸಿದವಳು ಎಂಬ ಜಂಬ ನನಗಿತ್ತು.

"ಒಂದು ಕೈಲಿ ಮಡಚೋ ಹಾಗಿರ್ಬೇಕು. ಇನ್ನೊಂದು ಕೈಲಿ ಮಗು ಇರುತ್ತೆ" ಎಂದಳು ತಮ್ಮನ ಹೆಂಡತಿ.

"ಗಾಲಿ ದೊಡ್ಡದಿರ್ಬೇಕು" ಎಂದೆ ನಾನು. "ಚಿಕ್ಕ ಗಾಲಿ ಇದ್ರೆ ಈ ಫುಟ್‌ಪಾತಿನ ಸಂದಿಯೊಳಗೆ ಸಿಕ್ಕೊಳ್ಳುತ್ತೆ. ನಮ್ಮ ಪಾರ್ಸೆಲ್ ಟ್ರಾಲಿ ತಳ್ಳಿ ತಳ್ಳಿ ನನಗೆ ಗೊತ್ತು."

"ನಿಲ್ಬೇಕು" ಎಂದ ತಮ್ಮ. ಅಷ್ಟೇ ಅಂದಿದ್ದು.

ಅಂಗಡಿಗೆ ಹೋಗುವ ದಿನ ಅವನ ಸಜ್ಜು ನೋಡಿ ನನಗೆ ನಾಚಿಕೆಯಾಯಿತು. ಕಂಕುಳಲ್ಲಿ ಒಂದು ಉದ್ದನೆಯ ಹಲಗೆ, ಜೇಬಿನಲ್ಲಿ ಟೇಪು, ಹೆಗಲ ಮೇಲೆ ಮರಳು ತುಂಬಿ ಹೊಲಿದ ಚೀಲ. ಆ ಚೀಲ ಸರಿಯಾಗಿ ನಾಲ್ಕು ಕಿಲೋ ಇನ್ನೂರು ಗ್ರಾಂ. ಅವತ್ತು ಬೆಳಿಗ್ಗೆ ಪುಟ್ಟಿ ಅಷ್ಟೇ ತೂಗಿದ್ದಳು. ಅಂಗಡಿಯ ಹುಡುಗಿ ಕಣ್ಣರಳಿಸಿ "ಇದೇನು ಸರ್?" ಎಂದು ಕೇಳಿದರೆ, ನಗದೆ "ನನ್ನ ಮಗಳು" ಎಂದ.

ಹದಿನಾಲ್ಕು ಗಾಡಿಗಳು ಸಾಲಾಗಿ ನಿಂತಿದ್ದವು. ಹುಡುಗಿ ಪಾಪ, ಕಲಿತದ್ದನ್ನೆಲ್ಲ ಒಪ್ಪಿಸತೊಡಗಿದಳು. "ಇದು ತುಂಬಾ ಪ್ರಯಾಣ ಮಾಡೋರಿಗೆ. ಇದು ಪಾರ್ಕಲ್ಲಿ ವಾಕಿಂಗ್ ಹೋಗೋರಿಗೆ. ಇದು ಕಾರಲ್ಲಿ ಇಟ್ಕೊಂಡು ಹೋಗೋರಿಗೆ. ನಿಮ್ಮ ಲೈಫ್‌ಸ್ಟೈಲ್ ಎಂಥದು ಸರ್?"

"ಇಳಿಜಾರು" ಎಂದ ತಮ್ಮ.

ಆಮೇಲೆ ನೆಲದ ಮೇಲೆ ಅಂಗಾತ ಮಲಗಿ ಒಂದೊಂದು ಗಾಡಿಯ ಕೆಳಗೂ ತಲೆ ತೂರಿಸಿದ. ಮೂರು ಗಾಲಿಯದು ಬೇಡ, ತಿರುವಿನಲ್ಲಿ ಪಕ್ಕಕ್ಕೆ ಮಗುಚುತ್ತದೆ ಎಂದ. ಕೊಡೆಯ ಹಾಗೆ ಮಡಚುವ ಹಗುರ ಗಾಡಿ ನನಗೂ ಅವನ ಹೆಂಡತಿಗೂ ಹಿಡಿಸಿತ್ತು, ಅದೂ ಬೇಡವಾಯಿತು. ಕತ್ತು ಗಟ್ಟಿಯಾಗದ ಮಗು ಅದರಲ್ಲಿ ಕುಸಿದು ಗದ್ದ ಎದೆಗೆ ಒತ್ತಿಕೊಳ್ಳುತ್ತದೆ, ಚಪ್ಪಟೆಯಾಗಿ ಮಲಗಿಸುವಂಥದ್ದೇ ಬೇಕು ಎಂದು ಡಾಕ್ಟರು ಹೇಳಿದ್ದನ್ನು ಅವನು ಬರೆದಿಟ್ಟುಕೊಂಡಿದ್ದ. ಇನ್ನೊಂದರ ಹಿಡಿಕೆಗೆ ನನ್ನ ಕೈಚೀಲ ತೂಗುಹಾಕಿದ. ಗಾಡಿ ಮುಂದಿನ ಗಾಲಿ ಎತ್ತಿ ಹಿಂದಕ್ಕೆ ವಾಲಿತು. ಮತ್ತೊಂದನ್ನು ಮಡಚುವಾಗ ಬೆರಳು ಸಿಕ್ಕಿಕೊಳ್ಳುವ ಸಂದಿಯಿತ್ತು. ಅದರೊಳಗೆ ಒಂದು ಪೆನ್ಸಿಲ್ ಇಟ್ಟು ಮಡಚಿ ತೋರಿಸಿದ. ಪೆನ್ಸಿಲ್ ಎರಡು ತುಂಡಾದಾಗ ಹುಡುಗಿ ತನ್ನ ಬೆರಳುಗಳನ್ನು ಮುಷ್ಟಿ ಮಾಡಿಕೊಂಡಳು.

ಕೊನೆಗೆ ಹಲಗೆಯ ಒಂದು ತುದಿಯನ್ನು ಸ್ಟೂಲಿನ ಮೇಲಿಟ್ಟು ಇಳಿಜಾರು ಮಾಡಿದ. ಉಳಿದಿದ್ದರಲ್ಲಿ ಒಳ್ಳೆಯದು ಎನಿಸಿದ ಗಾಡಿಯಲ್ಲಿ ಮರಳಿನ ಚೀಲ ಮಲಗಿಸಿ ಮೇಲೆ ನಿಲ್ಲಿಸಿದ.

"ಕೈ ಬಿಟ್ರೆ ಏನಾಗುತ್ತೆ?" ಎಂದು ಕೇಳಿದ.

"ಬ್ರೇಕ್ ಇದೆಯಲ್ಲ ಸರ್. ಇಲ್ಲಿ ಹಿಂದುಗಡೆ ಕಾಲಲ್ಲಿ ಒತ್ತಿದ್ರೆ ಆಯ್ತು."

"ಒತ್ತೋಕೆ ಮರೆತ್ರೆ?"

"ಮಗೂನ ಯಾರಾದ್ರೂ ಮರೀತಾರಾ ಸರ್?"

"ಮಗೂನ ಯಾರೂ ಮರೆಯಲ್ಲಮ್ಮ. ಬ್ರೇಕ್ ಮರೀತಾರೆ." ಹಾಗೆಂದು ಕೈ ಬಿಟ್ಟ.

ಗಾಡಿ ಹಲಗೆಯಿಂದ ಇಳಿದು, ಅಂಗಡಿಯ ನುಣುಪು ನೆಲದ ಮೇಲೆ ಸರ್ರನೆ ಹೋಗಿ, ಹಾಲಿನ ಬಾಟಲಿಗಳ ಗಾಜಿನ ಕಪಾಟಿಗೆ ಬಡಿಯಿತು. ಬೆಲ್ಟು ಹಾಕಿರಲಿಲ್ಲ. ಚೀಲ ಎಗರಿ ನೆಲಕ್ಕೆ ಬಿತ್ತು. ಮರಳು ಬಿದ್ದ ಆ ದಪ್ಪನೆಯ ಸದ್ದಿಗೆ ನಾನು ಅದರ ಕಡೆ ಎರಡು ಹೆಜ್ಜೆ ಓಡಿಬಿಟ್ಟಿದ್ದೆ. ಹುಡುಗಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ತಮ್ಮನ ಹೆಂಡತಿ ನಿಂತಲ್ಲೇ ಕಣ್ಣು ಮುಚ್ಚಿದಳು. ತಮ್ಮ ಹೋಗಿ ಚೀಲ ಎತ್ತಿಕೊಂಡ. ಎರಡು ಕೈಯಲ್ಲಿ ಎದೆಗೆ ಒತ್ತಿಕೊಂಡು ಎತ್ತಿದ. ಆಮೇಲೆ ನಾವ್ಯಾರೂ ಅವನನ್ನು ತಮಾಷೆ ಮಾಡಲಿಲ್ಲ.

ಅದೇ ಗಾಡಿಯನ್ನು ಕೊಂಡೆವು. ಚಪ್ಪಟೆಯಾಗಿ ಮಲಗಿಸಬಹುದು, ಗಾಲಿ ಗಟ್ಟಿ ರಬ್ಬರಿನದು, ಮಗುವಿನ ಎರಡು ಹೆಗಲು, ಸೊಂಟದ ಎರಡು ಬದಿ, ಕಾಲಿನ ನಡುವೆ ಹೀಗೆ ಐದು ಕಡೆಯಿಂದ ಹಿಡಿಯುವ ಬೆಲ್ಟು. ಮನೆಗೆ ತಂದವನು ಮೊದಲು ಮಾಡಿದ ಕೆಲಸ ಅದನ್ನು ಬಿಚ್ಚಿ ಹಾಕಿದ್ದು.

ಎರಡು ಭಾನುವಾರ ಕೂತು ಹಿಡಿಕೆಯ ಕೆಳಗೆ ಒಂದು ಲಿವರ್ ಜೋಡಿಸಿದ. ಸೈಕಲ್ಲಿನ ಬ್ರೇಕ್ ವೈರು, ಎರಡು ಬಲವಾದ ಸ್ಪ್ರಿಂಗು. ಲಿವರನ್ನು ಹಿಡಿಕೆಯ ಜೊತೆ ಸೇರಿಸಿ ಒತ್ತಿ ಹಿಡಿದರೆ ಮಾತ್ರ ಗಾಡಿ ಚಲಿಸುತ್ತದೆ. ಕೈ ಬಿಟ್ಟ ಕೂಡಲೇ ಹಿಂದಿನ ಎರಡೂ ಗಾಲಿ ಕಚ್ಚಿಕೊಂಡು ನಿಲ್ಲುತ್ತವೆ. "ದೊಡ್ಡ ಬಸ್ಸಲ್ಲೂ ಹೀಗೇ ಅಕ್ಕ. ಗಾಳಿ ತುಂಬಿದ್ರೆ ಬ್ರೇಕ್ ಬಿಡುತ್ತೆ, ಗಾಳಿ ಸೋರಿ ಹೋದ್ರೆ ಸ್ಪ್ರಿಂಗ್ ಬಂದು ಹಿಡಿಯುತ್ತೆ. ಏನಾದ್ರೂ ಕೆಟ್ರೆ ನಿಲ್ಬೇಕು, ಓಡ್ಬಾರ್ದು" ಎಂದ. ಕೈಚಳಕ ನೋಡಿ ನನಗೂ ಹೆಮ್ಮೆಯಾಯಿತು. ಬಾಯಲ್ಲಿ ಮಾತ್ರ "ಮಗುವಿನ ಗಾಡಿನೂ ಡಿಪೋ ಮಾಡಿಬಿಟ್ಟೆಯಲ್ಲ ಮಾರಾಯ" ಎಂದೆ.

ಆಮೇಲೆ ಶುರುವಾಯಿತು ನಮ್ಮಿಬ್ಬರ ತರಬೇತಿ. ಹೆದರಿದವರು ಏನು ಮಾಡುತ್ತಾರೆ? ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಈ ಗಾಡಿಯನ್ನು ಗಟ್ಟಿಯಾಗಿ ಹಿಡಿದರೆ ಅದು ಓಡುತ್ತದೆ. ಆದ್ದರಿಂದ ಹೆದರಿಕೆಯಾದರೆ ಬಿಡಬೇಕು. ಕಾಲು ಜಾರಿದರೆ ಬಿಡು, ನಾಯಿ ಬೊಗಳಿದರೆ ಬಿಡು, ತಲೆ ಸುತ್ತಿದರೆ ಬಿಡು. ಇಳಿಜಾರಿನಲ್ಲಿ ಮರಳಿನ ಚೀಲ ಕಟ್ಟಿದ ಗಾಡಿ ತಳ್ಳಿಸುತ್ತಾ, ಹಿಂದೆ ಬಂದು ಇದ್ದಕ್ಕಿದ್ದಂತೆ ಒಂದು ತಗಡು ಬಡಿದು "ಬಿಡು!" ಎಂದು ಕಿರುಚುತ್ತಿದ್ದ. ಬೀದಿಯವರೆಲ್ಲ ಕಿಟಕಿಗೆ ಬಂದು ನೋಡುತ್ತಿದ್ದರು. ಅವನ ಹೆಂಡತಿ ಹನ್ನೊಂದನೇ ಸಲಕ್ಕೆ ಕಲಿತಳು. ನಾನು ಹತ್ತೊಂಬತ್ತನೇ ಸಲಕ್ಕೆ. ಮೂವತ್ತೊಂದು ವರ್ಷ ಪಾರ್ಸೆಲ್ ಹಿಡಿದ ಕೈ, ಬಿಡು ಎಂದರೆ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಒಂದು ವಾರದ ಮೇಲೆ ತಗಡಿನ ಸದ್ದು ಕಿವಿಗೆ ಬೀಳುವ ಮೊದಲೇ ನನ್ನ ಎರಡು ಕೈ ಗಾಳಿಯಲ್ಲಿರುತ್ತಿದ್ದವು. "ಈಗ ಪರವಾಗಿಲ್ಲ" ಎಂದು ಮೊದಲ ಸಲ ಅವನ ಮುಖದಲ್ಲಿ ಒಂದಿಷ್ಟು ನೆಮ್ಮದಿ ಕಂಡಿತು.

ಆರು ತಿಂಗಳು ಆ ಗಾಡಿ ನಮ್ಮನ್ನು ಕಾಪಾಡಿತು. ಎಲ್ಲೆಂದರಲ್ಲಿ ಕೈ ಬಿಡುತ್ತಿದ್ದೆ. ಸೆರಗು ಸರಿಮಾಡಿಕೊಳ್ಳಲು, ಸೀನಲು, ಅಕ್ಕಪಕ್ಕದವರ ಜೊತೆ ಕೈ ಆಡಿಸಿ ಮಾತಾಡಲು. ಗಾಡಿ ಕಲ್ಲಿನ ಹಾಗೆ ನಿಲ್ಲುತ್ತಿತ್ತು. ಪುಟ್ಟಿ ಮೈಕೈ ತುಂಬಿಕೊಂಡು ಎಂಟು ಕಿಲೋ ಆದಳು. ಎರಡು ಹಲ್ಲು ಬಂದವು. ಗಾಡಿ ಕಂಡರೆ ಸಾಕು, ಎರಡೂ ಕಾಲು ಬಡಿಯುತ್ತಿದ್ದಳು.

ವೈರು ಸವೆದಿರಲಿ ಬಿಡಲಿ, ತಿಂಗಳಿಗೊಮ್ಮೆ ಗಾಡಿಯನ್ನು ಡಿಪೋಕ್ಕೆ ಒಯ್ದು ಹೊಸ ವೈರು ಹಾಕಿ ತರುವುದು ತಮ್ಮನ ಪದ್ಧತಿ. ಒಂಬತ್ತನೇ ತಿಂಗಳ ಲಸಿಕೆಯ ದಿನವೇ ಅದು ಬಂದಿತು. "ಅಕ್ಕ, ಹೇಗೂ ಕ್ಲಿನಿಕ್ ಹತ್ರಾನೇ ಇದೆ. ಹೆಗಲ ಮೇಲೆ ಹಾಕ್ಕೊಂಡು ಹೋಗು. ಸಂಜೆ ಗಾಡಿ ತರ್ತೀನಿ" ಎಂದು ಹೇಳಿ ಹೋದ. ನಾನು ಹೂಂ ಎಂದೆ. ಮಂಡಿ ನೋವಿನ ವಿಷಯ ಹೇಳಲಿಲ್ಲ. ಹೇಳಿದರೆ ಮಗುವನ್ನು ನನ್ನ ಕೈಗೆ ಕೊಡಲು ಯೋಚನೆ ಮಾಡುತ್ತಾನೆ ಎಂಬ ಅಳುಕಿತ್ತು.

ಎಂಟು ಕಿಲೋ ಎತ್ತಿಕೊಂಡು ಏರು ಹತ್ತುವುದು ಆಗದ ಮಾತು ಎಂದು ಬಾಗಿಲಿಗೆ ಬರುವಷ್ಟರಲ್ಲೇ ತಿಳಿಯಿತು. ಎದುರು ಮನೆಯಲ್ಲಿ ಶಾಲೆಯ ಟೀಚರಮ್ಮ ಇದ್ದಾರೆ. ಅವರ ಮೊಮ್ಮಗನ ಗಾಡಿ ಕೇಳಿದೆ. ಒಳ್ಳೆಯ ಗಾಡಿ, ನಮ್ಮದಕ್ಕಿಂತ ಚೆಂದ. "ಬ್ರೇಕ್ ಇಲ್ಲಿ ಕೆಳಗಿದೆ ನೋಡಿ, ಕಾಲಲ್ಲಿ ಒತ್ತಬೇಕು" ಎಂದು ಅವರು ತೋರಿಸಿಯೇ ಕೊಟ್ಟರು. "ನನಗೆ ಗೊತ್ತಿಲ್ವಾ" ಎಂದೆ. ಗೊತ್ತಿತ್ತು. ಅದನ್ನು ಈಗಲೂ ಹೇಳುತ್ತೇನೆ, ನನಗೆ ಗೊತ್ತಿತ್ತು. ಐದೂ ಬೆಲ್ಟು ಹಾಕಿ, ಎರಡೂ ಕೈಯಲ್ಲಿ ಹಿಡಿಕೆ ಹಿಡಿದು ಹತ್ತಿದೆ.

ಚುಚ್ಚುಮದ್ದು ಆಯಿತು. ಪುಟ್ಟಿ ಒಂದು ಗಳಿಗೆ ಅತ್ತು, ಬರುವಾಗ ಗಾಡಿಯಲ್ಲೇ ನಿದ್ದೆ ಹೋದಳು. ನಮ್ಮ ಕಟ್ಟಡದ ಬಾಗಿಲು ಇನ್ನು ಹತ್ತು ಹೆಜ್ಜೆ ಇದೆ ಎನ್ನುವಾಗ ಫೋನು ಬಂತು. ತಮ್ಮ. ಒಂದು ಕೈ ಹಿಡಿಕೆಯ ಮೇಲೇ ಇಟ್ಟು ಇನ್ನೊಂದು ಕೈಯಲ್ಲಿ ಫೋನು ತೆಗೆದೆ.

"ಆಯ್ತಾ ಅಕ್ಕ? ಜ್ವರ ಇಲ್ಲ ತಾನೆ? ಹೆಗಲ ಮೇಲೇ ಇದಾಳೆ ತಾನೆ?"

"ಹೂಂ ಕಣೋ, ಹೆಗಲ ಮೇಲೇ ನಿದ್ದೆ ಹೋಗಿದಾಳೆ" ಎಂದೆ.

ಆ ಸುಳ್ಳು ಬಾಯಿಂದ ಪೂರ್ತಿ ಹೊರಬಿದ್ದಿರಲಿಲ್ಲ. ಪಕ್ಕದ ಓಣಿಯಿಂದ ಒಂದು ಸ್ಕೂಟರು ಹಾರನ್ ಬಡಿಯುತ್ತಾ ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ ನುಗ್ಗಿತು. ನಾನು ಬೆಚ್ಚಿಬಿದ್ದೆ. ಕೈ ತೆರೆದುಕೊಂಡಿತು. ಕಲಿಸಿದ ಹಾಗೆಯೇ, ಬೆರಳೆಲ್ಲ ಬಿಡಿಸಿಕೊಂಡು, ಮೇಲಕ್ಕೆ ಎದ್ದಿತು.

ಒಂದು ಕ್ಷಣ ನನಗೆ ಸಮಾಧಾನವೇ ಆಗಿತ್ತು. ಸದ್ಯ, ಬಿಟ್ಟೆ, ಇನ್ನೇನೂ ಆಗುವುದಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಗಾಡಿಗೂ ನನಗೂ ನಡುವೆ ಒಂದು ಮಾರು ರಸ್ತೆ ಕಾಣಿಸಿತು. ಗಾಡಿ ಅವಸರವಿಲ್ಲದೆ, ಸದ್ದಿಲ್ಲದೆ ಹೋಗುತ್ತಿತ್ತು. ಬಿಳಿ ಟೋಪಿಯ ತುದಿ ಕಾಣುತ್ತಿತ್ತು.

ಓಡಿದೆ. ಅರವತ್ತೊಂದು ವರ್ಷದ ಮಂಡಿ ಎಷ್ಟು ಓಡುತ್ತದೆ? ಎರಡು ಹೆಜ್ಜೆಗೆ ಬಿದ್ದೆ, ಎದ್ದೆ, ಮತ್ತೆ ಓಡಿದೆ. ಚಪ್ಪಲಿ ಎಲ್ಲಿ ಹೋಯಿತೋ. ಗಾಡಿಯ ವೇಗ ಏರುತ್ತಾ ಹೋಯಿತು. ಮುಂದಿನ ಗಾಲಿಗಳು ಗಡಗಡ ನಡುಗುತ್ತಾ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲುತ್ತಿದ್ದವು. ಕೆಳಗೆ ದೊಡ್ಡ ರಸ್ತೆಯಲ್ಲಿ ಒಂದು ಬಸ್ಸು ನಿಧಾನಕ್ಕೆ ತಿರುಗುತ್ತಿತ್ತು. ಅದರ ಬ್ರೇಕು ಹೇಗಿದೆಯೋ, ತಮ್ಮ ಅದನ್ನು ಯಾವತ್ತು ನೋಡಿದ್ದಾನೋ ಎಂದು ನಾನು ಯೋಚಿಸಿದೆ. ಆ ಹೊತ್ತಿನಲ್ಲಿ ನನ್ನ ತಲೆಗೆ ಬಂದದ್ದು ಅದು. ಕೂಗುತ್ತಿದ್ದೆ ಎಂದು ಆಮೇಲೆ ಜನ ಹೇಳಿದರು. ನನಗೆ ನನ್ನ ದನಿ ಕೇಳಿಸುತ್ತಿರಲಿಲ್ಲ.

ದೊಡ್ಡ ರಸ್ತೆಗೆ ಇನ್ನು ಮೂವತ್ತು ನಲವತ್ತು ಹೆಜ್ಜೆ ಇರುವಲ್ಲಿ ಕೊಡೆ ಹಾಕಿಕೊಂಡು ಬೀಗ ರಿಪೇರಿ ಮಾಡುವವರೊಬ್ಬರು ಕೂರುತ್ತಾರೆ. ಅವರು ತಲೆ ಎತ್ತಿ ನೋಡಿದರು. ಏಳಲು ಸಮಯವಿರಲಿಲ್ಲ. ಕೂತಲ್ಲಿಂದಲೇ ಕಾಲು ಚಾಚಿದರು. ಗಾಡಿ ಅವರ ಮೊಣಕಾಲಿನ ಕೆಳಗೆ ಬಡಿದು, ಗಿರ್ರನೆ ತಿರುಗಿ, ಕೀಲಿಕೈಗಳ ಪೆಟ್ಟಿಗೆಯ ಮೇಲೆ ಮಗುಚಿಕೊಂಡಿತು. ಕೀಲಿಕೈಗಳು ಚೆಲ್ಲಾಪಿಲ್ಲಿಯಾಗಿ ರಸ್ತೆ ತುಂಬಾ ಹರಡಿದವು. ಆಮೇಲೆ ಏನೂ ಸದ್ದಿಲ್ಲ.

ಆ ಮೌನದಷ್ಟು ನಾನು ಬೇರೆ ಯಾವುದಕ್ಕೂ ಹೆದರಿಲ್ಲ. ನನ್ನ ಗಂಡ ತೀರಿಹೋದಾಗಲೂ ಹಾಗೆ ಹೆದರಿರಲಿಲ್ಲ.

ಗಾಡಿ ಎತ್ತಿದೆವು. ಪುಟ್ಟಿ ಬೆಲ್ಟುಗಳಲ್ಲಿ ಜೋತುಬಿದ್ದಿದ್ದಳು. ಕಣ್ಣು ಅಗಲವಾಗಿ ತೆರೆದಿತ್ತು. ಹಣೆಯ ಮೇಲೆ ಒಂದು ಗೀರು. ನನ್ನನ್ನು ನೋಡಿದಳು, ಆದರೆ ಅಳಲಿಲ್ಲ. ಅಳು ಪುಟ್ಟಿ, ಅಳು ಎಂದು ನಾನೇ ಅಳುತ್ತಾ ಬೇಡಿಕೊಂಡೆ. ಕೊನೆಗೆ ಬಾಯಿ ಓರೆ ಮಾಡಿ, ಉಸಿರು ಕಟ್ಟಿ, ಆಕಾಶ ಹರಿದುಹೋಗುವ ಹಾಗೆ ಅತ್ತಳು.

ಬೀಗದವರು ಕಾಲು ಹಿಡಿದುಕೊಂಡು, ನೋವಿನಲ್ಲೇ ನನ್ನ ಮುಖ ನೋಡಿದರು. "ಅಮ್ಮಾ, ಇಂಥ ಇಳಿಜಾರಲ್ಲಿ ಕೈ ಯಾಕೆ ಬಿಟ್ರಿ?"

ನಾನು ಏನೆಂದು ಹೇಳಲಿ? ಮಗು ಚೆನ್ನಾಗಿರಲಿ ಎಂದೇ ಬಿಟ್ಟೆ ಎಂದರೆ ಯಾರು ನಂಬುತ್ತಾರೆ?

ಫೋನು ಬಿದ್ದದ್ದು ಮೇಲೆ ಎಲ್ಲೋ. ಟೀಚರಮ್ಮ ಅದನ್ನು ಹೆಕ್ಕಿಕೊಂಡು ಓಡಿಬಂದರು. ಅದರೊಳಗಿಂದ ತಮ್ಮ ಇನ್ನೂ "ಅಕ್ಕ, ಅಕ್ಕಾ" ಎನ್ನುತ್ತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಟೀಚರಮ್ಮನೇ "ಮಗು ಅಳ್ತಾ ಇದೆ, ಜೀವ ಇದೆ, ಕ್ಲಿನಿಕ್ಕಿಗೆ ಬನ್ನಿ" ಎಂದರು.

ಕ್ಲಿನಿಕ್ಕಿನಲ್ಲಿ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು, ಕೈಕಾಲು ಮಡಚಿ ಬಿಡಿಸಿ ನೋಡಿದರು. "ಸಂಜೆವರೆಗೂ ಇಲ್ಲೇ ಇರ್ಲಿ. ವಾಂತಿ ಮಾಡಿದ್ರೆ, ಮಂಕಾದ್ರೆ ತಕ್ಷಣ ಹೇಳಿ" ಎಂದರು. ತಮ್ಮ ಬಂದ. ಡಿಪೋದ ಗ್ರೀಸು ಕೈಯಲ್ಲಿ ಹಾಗೇ ಇತ್ತು, ಆದ್ದರಿಂದ ಮಗುವನ್ನು ಮುಟ್ಟಲಿಲ್ಲ. ಹತ್ತಿರ ಬಗ್ಗಿ ಉಸಿರು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದ.

"ಹೆದರಿದೆಯಾ? ಹೆದರಿ ಬಿಟ್ಯಾ?"

"ಹೂಂ" ಎಂದೆ.

ಗೋಡೆಗೆ ಆನಿಕೊಂಡು ಹಾಗೇ ನೆಲದ ಮೇಲೆ ಕುಸಿದು ಕೂತ. "ನಾನೇ ಕಲಿಸ್ದೆ" ಎಂದ. "ಬಾಯಿಗೆ ಬಂದ ಹಾಗೆ ಬೈಯೋ" ಎಂದೆ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವನ ಹೆಂಡತಿ ಬಂದಳು. ಮಗುವಿನ ಬಟ್ಟೆಯೆಲ್ಲ ತೆಗೆದು ಇಂಚಿಂಚು ನೋಡಿದಳು, ಮತ್ತೆ ತೊಡಿಸಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸಂಜೆ ಆರಕ್ಕೆ ಪುಟ್ಟಿ ಹಾಲು ಕುಡಿದು ಡಾಕ್ಟರ ಕನ್ನಡಕಕ್ಕೆ ಕೈ ಹಾಕಿದಾಗ ಮನೆಗೆ ಕರೆದುಕೊಂಡು ಹೋಗಿ ಎಂದರು. ತಾಯಿ ಎತ್ತಿಕೊಂಡು ಮುಂದೆ ನಡೆದಳು, ತಮ್ಮ ಅವಳ ಹಿಂದೆ. ನಾನು ಬರಿಗಾಲಲ್ಲಿ ಕೊನೆಗೆ ಹೋದೆ.

ಬೀಗದವರ ಮೂಳೆ ಮುರಿದಿರಲಿಲ್ಲ, ಆದರೆ ಕಾಲು ಬಾತು ಎರಡು ವಾರ ಕೆಲಸಕ್ಕೆ ಕೂರಲಿಲ್ಲ. ತಮ್ಮ ದಿನಾ ಅವರ ಮನೆಗೆ ಹೋಗಿಬರುತ್ತಿದ್ದ. ಗಾಡಿಯ ಲಿವರು, ವೈರು, ಸ್ಪ್ರಿಂಗು ಎಲ್ಲವನ್ನೂ ಕಿತ್ತು ಹಾಕಿದ. "ಊರಲ್ಲಿರೋ ಗಾಡಿಗಳೆಲ್ಲ ಒಂದು ಥರ, ನಮ್ಮದು ಇನ್ನೊಂದು ಥರ ಇದ್ರೆ ಕೈ ತಪ್ಪುತ್ತೆ. ಎಲ್ಲರ ಹಾಗೇ ಇರ್ಲಿ" ಎಂದು ಟೀಚರಮ್ಮನ ಹತ್ತಿರ ಹೇಳಿದನಂತೆ. ನನ್ನ ಹತ್ತಿರ ಎಂದಿನಂತೆ ಮಾತಾಡುತ್ತಿದ್ದ, ಆದರೆ ಮಗುವಿನ ವಿಷಯ ಬಿಟ್ಟು. ಅವನ ಹೆಂಡತಿ ರಜೆ ಹಾಕಿ ಮನೆಯಲ್ಲೇ ಕೂತಳು. ಮೇಲಿನ ಮನೆಯಿಂದ ಪುಟ್ಟಿ ನಗುವುದು, ಪಾತ್ರೆ ಬಡಿಯುವುದು ನನಗೆ ಕೆಳಗೆ ಕೇಳಿಸುತ್ತಿತ್ತು. ಹತ್ತೊಂಬತ್ತು ದಿನ ನಾನು ಆ ಮೆಟ್ಟಿಲು ಹತ್ತಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ಅನ್ನ ಸೇರುತ್ತಿರಲಿಲ್ಲ. ಬೀದಿಗಿಳಿದರೆ ಯಾವ ಮಗುವಿನ ಗಾಡಿ ಕಂಡರೂ ಹಿಂದಿರುಗಿ ಮನೆ ಸೇರುತ್ತಿದ್ದೆ. ಇನ್ನು ಆ ಮಗುವನ್ನು ನನ್ನ ಕೈಗೆ ಕೊಡುವುದಿಲ್ಲ ಎಂದು ತಿಳಿದುಕೊಂಡಿದ್ದೆ. ಕೊಡಬಾರದು ಎಂದೂ ಅನಿಸುತ್ತಿತ್ತು.

ರಜೆ ಮುಗಿಯುತ್ತಾ ಬಂತು. ಮಗು ನೋಡಿಕೊಳ್ಳಲು ಒಬ್ಬ ಆಯಾ ಬರುತ್ತಾಳೆಂದು ಟೀಚರಮ್ಮ ಹೇಳಿದರು. ಅವಳು ಬಂದ ದಿನ ನಾನು ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಗಟ್ಟಿಮುಟ್ಟಾದ ಹೆಂಗಸು, ಮೆಟ್ಟಿಲನ್ನು ದಡದಡ ಹತ್ತಿದಳು. ಹತ್ತೇ ನಿಮಿಷಕ್ಕೆ ಮುಖ ಊದಿಸಿಕೊಂಡು ಇಳಿದಳು. ನನ್ನನ್ನು ಕಂಡು ಅಲ್ಲೇ ನಿಂತು ದೂರು ಹೇಳಿದಳು. "ಎಂಥ ಜನ ಅಮ್ಮ ಇವ್ರು? ಹದಿನೈದು ಮಕ್ಕಳನ್ನ ಸಾಕಿದೀನಿ, ಈ ಇಳಿಜಾರು ಗಿಳಿಜಾರಿಗೆಲ್ಲ ನಾನು ಹೆದರೋಳಲ್ಲ ಅಂದೆ. ಅಷ್ಟಕ್ಕೇ ಆ ಮಗುವಿನ ತಾಯಿ, ನೀವು ಹೋಗಿಬನ್ನಿ ಅನ್ನೋದಾ?"

ಸಂಜೆ ನನ್ನ ಬಾಗಿಲು ತಟ್ಟಿದ ಸದ್ದಾಯಿತು. ತಮ್ಮನ ಹೆಂಡತಿ. ಕಂಕುಳಲ್ಲಿ ಪುಟ್ಟಿ. ಹಣೆಯ ಗೀರು ತೆಳ್ಳಗಿನ ಗೆರೆಯಾಗಿತ್ತು. ಮಗು ನನ್ನನ್ನು ನೋಡಿ ಎರಡೂ ಕೈ ಚಾಚಿತು. ನಾನು ಒಂದು ಹೆಜ್ಜೆ ಹಿಂದಕ್ಕೆ ಸರಿದೆ.

"ಅಕ್ಕ, ಒಂದು ಮಾತು ಕೇಳ್ತೀನಿ, ನಿಜ ಹೇಳಿ" ಎಂದಳು. "ಇವಳನ್ನ ಗಾಡೀಲಿ ಕರ್ಕೊಂಡು ಹೋಗೋಕೆ ನಿಮಗೆ ಭಯ ಆಗುತ್ತಾ?"

ಸುಳ್ಳು ಹೇಳಿ ನಾನು ಪಾಠ ಕಲಿತಾಗಿತ್ತು. "ಪ್ರಾಣ ಹೋಗೋಷ್ಟು ಆಗುತ್ತಮ್ಮ" ಎಂದೆ. "ಎತ್ತಿಕೊಳ್ಳೋಕೂ ಕೈ ನಡುಗುತ್ತೆ."

ಅವಳು ನನ್ನ ಕೈಗಳನ್ನೇ ನೋಡಿದಳು. ಅವು ನಿಜವಾಗಿಯೂ ನಡುಗುತ್ತಿದ್ದವು. ಒಂದು ಹೆಜ್ಜೆ ಒಳಗೆ ಬಂದು ಮಗುವನ್ನು ಅವುಗಳ ಮೇಲೆ ಇಟ್ಟಳು.

"ನಾನು ನಾಳೆ ಒಂಬತ್ತಕ್ಕೆ ಅಂಗಡೀಲಿರ್ಬೇಕು ಅಕ್ಕ" ಎಂದಳು. "ಎಂಟೂವರೆಗೆ ಮೇಲೆ ಬನ್ನಿ."